ಕಲ್ಲಿನ ಕೆಳಗಿನ ಚರ್ಚ್ ಸ್ಟ್ರೀಟ್

ಚರ್ಚ್ ಸ್ಟ್ರೀಟ್ ಅಂದ ಕೂಡಲೇ ಕಣ್ಣಿಗೆ ಬರುವುದು ಕಲ್ಲುಹಾಸು. ಬ್ರಿಗೇಡ್ ರೋಡಿನ ಬಾಯಿಂದ ಸೇಂಟ್ ಮಾರ್ಕ್ಸ್ ರೋಡಿನವರೆಗೆ ಹತ್ತಿರಹತ್ತಿರ ಮುಕ್ಕಾಲು ಕಿಲೋಮೀಟರ್. 2017ರ ಫೆಬ್ರವರಿಯಲ್ಲಿ ಅಗೆತ ಶುರುವಾಗಿ, 2018ರ ಮಾರ್ಚ್‌ನಲ್ಲಿ ಬೀದಿ ತೆರೆಯಿತು. ಮಧ್ಯದ ಒಂದು ವರ್ಷ ಅಂಗಡಿಯವರು ಧೂಳು ಕುಡಿದರು. "ಕಲ್ಲು ಹಾಸೋಕೆ ಒಂದು ವರ್ಷ ಬೇಕೇನ್ರೀ?" ಎಂಬ ಪ್ರಶ್ನೆ ಬೆಂಗಳೂರಿನ ಯಾವ ವ್ಯಾಪಾರಿ ಬೀದಿಯ ಕಾಮಗಾರಿಯಲ್ಲೂ ತಪ್ಪಿದ್ದಲ್ಲ. ಕಲ್ಲು ಹಾಸೋಕೆ ಬೇಡ. ಒಳ್ಳೆ ಮೇಸ್ತ್ರಿಗಳ ನಾಲ್ಕು ತಂಡವಿದ್ದರೆ ಕಲ್ಲು ಬೇಗ ಮುಗಿಯುತ್ತದೆ. ಕಾಲ ತಿನ್ನುವುದು ಕಲ್ಲಿನ ಕೆಳಗಿನ ಒಂದೂವರೆ ಎರಡು ಮೀಟರ್. ಅಲ್ಲಿ ಉಳಿಸಿದ ಒಂದು ತಿಂಗಳನ್ನು ಮೇಲೆ ಹಾಸಿದ ಕಲ್ಲು ಐದು ವರ್ಷ ಎದ್ದು ಎದ್ದು ವಸೂಲಿ ಮಾಡುತ್ತದೆ.

ಬೆಂಗಳೂರಿನ ನಡುಪೇಟೆಯಲ್ಲಿ ಈ ಬಗೆಯ ಕೆಲಸಕ್ಕೆ ದಾರಿ ಹಾಕಿದ್ದು ಟೆಂಡರ್‌ಶ್ಯೂರ್. ಜನ ಅರ್ಬನ್ ಸ್ಪೇಸ್ ಸಂಸ್ಥೆ ರೂಪಿಸಿದ ಮಾನದಂಡ ಅದು. ಮೊದಲ ಹಂತದಲ್ಲಿ ಆರಿಸಿಕೊಂಡದ್ದು ಏಳು ರಸ್ತೆ: ರೆಸಿಡೆನ್ಸಿ, ರಿಚ್ಮಂಡ್, ಸೇಂಟ್ ಮಾರ್ಕ್ಸ್, ಮ್ಯೂಸಿಯಂ, ಕಮಿಸರಿಯಟ್, ಕನ್ನಿಂಗ್‌ಹ್ಯಾಂ, ವಿಠಲ್ ಮಲ್ಯ ರಸ್ತೆ. ಅಲ್ಲಿಯವರೆಗೆ ಡಾಂಬರಿಗೆ ಒಂದು ಟೆಂಡರ್, ಮೋರಿಗೆ ಇನ್ನೊಂದು, ಫುಟ್‌ಪಾತ್ ಟೈಲಿಗೆ ಮತ್ತೊಂದು. ಕೇಬಲ್ಲಿಗಂತೂ ಟೆಂಡರೇ ಇಲ್ಲ, ಬಂದವರು ಅಗೆದು ಹೂತು ಹೋಗುತ್ತಿದ್ದರು. ಕಟ್ಟಡದ ಗೋಡೆಯಿಂದ ಎದುರಿನ ಗೋಡೆಯವರೆಗೆ, ನೆಲದ ಮೇಲೂ ಕೆಳಗೂ ಇರುವುದೆಲ್ಲ ಒಂದೇ ಗುತ್ತಿಗೆ ಎಂಬುದು ಇದರ ಹೊಸತನ.

ಇನ್ನೊಂದು ಹೊಸತನ ಬೈಗುಳ ತಿಂದಿತು. ವಾಹನ ಓಡುವ ಪಟ್ಟಿಯ ಅಗಲವನ್ನು ರಸ್ತೆಯುದ್ದಕ್ಕೂ ಒಂದೇ ಅಳತೆಗೆ ತಂದು, ಮಿಕ್ಕ ಜಾಗವನ್ನೆಲ್ಲ ಫುಟ್‌ಪಾತಿಗೆ ಬಿಟ್ಟರು. "ಇದ್ದ ರಸ್ತೆಯನ್ನೇ ಕಿರಿದು ಮಾಡಿದರು" ಎಂದು ಕೂಗೆದ್ದಿತು. ಲೆಕ್ಕ ಸರಳವಾಗಿದೆ. ಒಂದು ರಸ್ತೆ ಒಂದು ಕಡೆ ನಾಲ್ಕು ಗಾಡಿ ಅಗಲ, ನೂರು ಮೀಟರ್ ಮುಂದೆ ಮೂರು ಗಾಡಿ ಅಗಲ ಅಂತಿಟ್ಟುಕೊಳ್ಳಿ. ಆ ರಸ್ತೆಯಲ್ಲಿ ಸಾಗುವುದು ಮೂರು ಸಾಲು ಮಾತ್ರ. ನಾಲ್ಕನೆಯದು ಒಂದೋ ಪಾರ್ಕಿಂಗ್ ಆಗುತ್ತದೆ, ಇಲ್ಲವೇ ಮುಂದಿನ ಇಕ್ಕಟ್ಟಿಗೆ ಗಾಡಿಗಳನ್ನು ತಳ್ಳುವ ಲಾಳಿಕೆಯಾಗುತ್ತದೆ. ಆ ಹೆಚ್ಚುವರಿ ಅಗಲ ಕಿತ್ತರೆ ಸಾಗುವ ಗಾಡಿಗಳೇನೂ ಕಡಿಮೆಯಾಗುವುದಿಲ್ಲ.

ಈಗ ಕೆಳಗೆ ಇಳಿಯೋಣ.

ಎಂ.ಜಿ. ರೋಡ್ ಸುತ್ತಮುತ್ತಲ ಹಳೇ ದಂಡಿನ ಬೀದಿಗಳಲ್ಲಿ ನೆಲದಡಿ ಏನಿದೆ ಎಂದು ಯಾವ ನಕ್ಷೆಯೂ ಪೂರ್ತಿ ಹೇಳುವುದಿಲ್ಲ. ಎರಕದ ಕಬ್ಬಿಣದ ನೀರಿನ ಪೈಪು, ಮೆರುಗು ಮಣ್ಣಿನ ಒಳಚರಂಡಿ ಕೊಳವೆ, ಸತ್ತ ಟೆಲಿಫೋನ್ ಕೇಬಲ್, ಬದುಕಿರುವ ಹೈಟೆನ್ಷನ್ ಕೇಬಲ್, ಅದರ ಮೇಲೆ ಅಡ್ಡಾದಿಡ್ಡಿ ಓಎಫ್‌ಸಿ, ಅಂದರೆ ಇಂಟರ್ನೆಟ್ಟಿನ ಆಪ್ಟಿಕಲ್ ಫೈಬರ್ ಕೇಬಲ್. ಸರ್ವೆ ಎಂದರೆ ಮೊದಲು ನೆಲಭೇದಿ ರೇಡಾರ್ ಗಾಡಿ ಓಡಿಸುತ್ತಾರೆ. ಲೋಹ ಚೆನ್ನಾಗಿ ಕಾಣುತ್ತದೆ. ಪ್ಲಾಸ್ಟಿಕ್ ಪೈಪು, ಅದರಲ್ಲೂ ಒದ್ದೆ ಜೇಡಿನಲ್ಲಿ ಹೂತದ್ದು, ಕಾಣುವುದು ಕಷ್ಟ. ಹಾಗಾಗಿ ರೇಡಾರ್ ಚಿತ್ರವನ್ನೇ ನಂಬಿ ಜೆಸಿಬಿ ಇಳಿಸಿದವರು ಮೊದಲ ವಾರದಲ್ಲೇ ನೀರಿನ ಕಾರಂಜಿ ನೋಡುತ್ತಾರೆ. ಇಪ್ಪತ್ತೈದು ಮೂವತ್ತು ಮೀಟರಿಗೊಂದು ಪರೀಕ್ಷಾ ಗುಂಡಿಯನ್ನು ರಸ್ತೆಗೆ ಅಡ್ಡಲಾಗಿ, ಒಂದೂವರೆ ಮೀಟರ್ ಆಳಕ್ಕೆ, ಗುದ್ದಲಿ ಸಲಾಕೆಯಲ್ಲೇ ತೋಡಿ ಕಣ್ಣಾರೆ ನೋಡಿ ಬರೆದುಕೊಳ್ಳುವುದಕ್ಕೆ ಬದಲಿ ಇಲ್ಲ. ಪ್ರತಿ ಗುಂಡಿಯಲ್ಲೂ ಸಿಕ್ಕಿದ ಪೈಪಿನ ಮೇಲ್ಮೈ ಎಷ್ಟು ಆಳದಲ್ಲಿದೆ, ಗೋಡೆಯಿಂದ ಎಷ್ಟು ದೂರ, ಯಾವ ವ್ಯಾಸ, ಯಾವ ವಸ್ತು ಎಂಬ ನಾಲ್ಕೂ ಅಂಕಿ ಬೇಕು. ಪುಟ್ಟ ಫೋಟೋ ಸಾಲದು, ಫೋಟೋದಲ್ಲಿ ಅಳತೆ ಟೇಪು ಕಾಣಬೇಕು.

ಒಳಚರಂಡಿಯ ಮನೆ ಸಂಪರ್ಕಗಳದ್ದು ಬೇರೆಯದೇ ಪುರಾಣ. ಯಾವ ಕಟ್ಟಡದ ಶೌಚದ ನೀರು ಯಾವ ಚೇಂಬರಿಗೆ ಬರುತ್ತದೆ ಎಂದು ಕಟ್ಟಡದ ಮಾಲೀಕರಿಗೂ ಗೊತ್ತಿರುವುದಿಲ್ಲ. ಇದಕ್ಕೆ ಬಣ್ಣದ ಪರೀಕ್ಷೆ ಇದೆ. ಒಂದು ಬಕೆಟ್ ನೀರಿಗೆ ಬಣ್ಣ ಕಲಸಿ ಮೇಲಿನ ಮಹಡಿಯ ಕಮೋಡಿಗೆ ಹುಯ್ಯುವುದು, ಬೀದಿಯಲ್ಲಿ ಎರಡು ಮೂರು ಮುಚ್ಚಳ ತೆಗೆದಿಟ್ಟು ಯಾವುದರಲ್ಲಿ ಬಣ್ಣ ಬರುತ್ತದೆ ನೋಡುವುದು. ಪಕ್ಕದ ಕಟ್ಟಡಕ್ಕೆ ಬೇರೆ ಬಣ್ಣ. ಹೋಟೆಲ್ ಪಬ್ಬುಗಳಿರುವ ಬೀದಿಯಲ್ಲಿ ಅಡುಗೆಮನೆ ಸಿಂಕಿಗೂ ಹುಯ್ಯಬೇಕು, ಯಾಕೆಂದರೆ ಅದರ ಕೊಳವೆ ಎಷ್ಟೋ ಕಡೆ ಒಳಚರಂಡಿಗೆ ಹೋಗದೆ ಮಳೆನೀರಿನ ಮೋರಿಗೆ ಹೋಗಿರುತ್ತದೆ. ಎಣ್ಣೆ ಜಿಡ್ಡು ಅಲ್ಲಿ ತಣ್ಣಗಾಗಿ ಸೋಪಿನಂತೆ ಗಟ್ಟಿಯಾಗಿ, ಮೂರು ವರ್ಷದಲ್ಲಿ 300 ಮಿ.ಮೀ. ಕೊಳವೆಯನ್ನು ಅರ್ಧ ಮುಚ್ಚಿಬಿಡಬಲ್ಲದು. ಕಲ್ಲು ಹಾಸುವ ಮುಂಚೆ ಈ ಸಂಪರ್ಕಗಳನ್ನು ಬೇರೆ ಮಾಡಿ, ಪ್ರತಿ ಅಡುಗೆಮನೆಗೂ ಜಿಡ್ಡು ಹಿಡಿಯುವ ತೊಟ್ಟಿ ಕಡ್ಡಾಯ ಮಾಡದಿದ್ದರೆ ಆಮೇಲೆ ಮಾಡುವವರಿಲ್ಲ.

ಕೊಳವೆಗಳನ್ನು ಮತ್ತೆ ಹೂಳುವಾಗ ಒಂದು ಶ್ರೇಣಿ ಇದೆ. ಒಳಚರಂಡಿ ಎಲ್ಲಕ್ಕಿಂತ ಕೆಳಗೆ, ಅದು ಇಳಿಜಾರನ್ನೇ ನಂಬಿ ಹರಿಯಬೇಕಾದ್ದು. ಕುಡಿಯುವ ನೀರು ಅದಕ್ಕಿಂತ ಮೇಲೆ, ಸಾಧ್ಯವಾದರೆ ಎದುರು ಮಗ್ಗುಲಲ್ಲಿ. ಎರಡೂ ಒಂದನ್ನೊಂದು ದಾಟುವ ಕಡೆ ನೀರಿನ ಪೈಪಿನ ಜೋಡಣೆ ಬರಕೂಡದು. 11 ಕೆ.ವಿ. ಕೇಬಲ್‌ಗೆ ಕನಿಷ್ಠ 0.9 ಮೀಟರ್ ಆಳ, ಮನೆ ಅಂಗಡಿಗೆ ಹೋಗುವ ಎಲ್‌ಟಿ (ಕಡಿಮೆ ವೋಲ್ಟೇಜಿನ) ಕೇಬಲ್‌ಗೆ 0.75. ಮೇಲೆ ಇಟ್ಟಿಗೆ ಅಥವಾ ಚಪ್ಪಡಿಯ ರಕ್ಷೆ, ಅದರ ಮೇಲೆ ಎಚ್ಚರಿಕೆ ಪಟ್ಟಿ. ಎಲ್ಲಕ್ಕಿಂತ ಮೇಲೆ, ಫುಟ್‌ಪಾತ್ ಕೆಳಗೆ, ಓಎಫ್‌ಸಿ ಡಕ್ಟು, ಅಂದರೆ ಮುಂದೆ ಕೇಬಲ್ ಎಳೆಯಲೆಂದು ಹೂತಿಡುವ ಖಾಲಿ ಕೊಳವೆ.

ಡಕ್ಟಿನ ವಿಷಯದಲ್ಲಿ ನಡೆಯುವ ಎಡವಟ್ಟುಗಳನ್ನು ನೋಡಿದರೆ ನಗು ಬರುತ್ತದೆ. ಕಾಗದದಲ್ಲಿ ಆರು ಡಕ್ಟು ಇರುತ್ತವೆ, ನೆಲದಲ್ಲೂ ಆರು ಇರುತ್ತವೆ, ಆದರೆ ಕೇಬಲ್ ಹೋಗುವುದಿಲ್ಲ. ತುದಿಗೆ ಮುಚ್ಚಳ ಹಾಕಿರುವುದಿಲ್ಲ, ಮಳೆಗಾಲದ ಕೆಸರು ಒಳಗೆ ನುಗ್ಗಿ ಗಟ್ಟಿಯಾಗಿರುತ್ತದೆ. ಇಲ್ಲವೇ ಚೇಂಬರ್ ಕಟ್ಟುವಾಗ ಕಾಂಕ್ರೀಟಿನ ಹಾಲು ಹರಿದು ಬಾಯಿ ಮುಚ್ಚಿರುತ್ತದೆ. ಅಥವಾ ಮರದ ಬೇರು ತಪ್ಪಿಸಲು ಅಡ್ಡ ಬಗ್ಗಿಸಿ, ಬಗ್ಗಿದ ಕಡೆ ಪೈಪು ಚಪ್ಪಟೆಯಾಗಿರುತ್ತದೆ. ಪ್ರತಿ ಡಕ್ಟಿನಲ್ಲೂ ನೈಲಾನ್ ಹಗ್ಗ ಬಿಟ್ಟಿರಬೇಕು. ಬಿಲ್ ಪಾಸು ಮಾಡುವ ಮುಂಚೆ ಒಳವ್ಯಾಸಕ್ಕಿಂತ ತುಸು ಸಣ್ಣ ಮರದ ಗುಂಡನ್ನು ಆ ಹಗ್ಗಕ್ಕೆ ಕಟ್ಟಿ ಚೇಂಬರಿನಿಂದ ಚೇಂಬರಿಗೆ ಎಳೆದು ನೋಡಬೇಕು. ಗುಂಡು ಬಂದರೆ ದುಡ್ಡು, ಬರದಿದ್ದರೆ ಅಗೆತ. ಅರ್ಧ ದಿನದ ಕೆಲಸ ಇದು. ಇದನ್ನು ಬಿಟ್ಟ ಬೀದಿಯಲ್ಲಿ ಆರು ಖಾಲಿ ಡಕ್ಟಿನ ಮೇಲೆಯೇ ಕಲ್ಲು ಕಿತ್ತು ಏಳನೆಯ ಕೇಬಲ್ ಹೂಳುತ್ತಾರೆ.

ಉದ್ದಕ್ಕೆ ಡಕ್ಟು ಹಾಕಿ ಅಡ್ಡಕ್ಕೆ ಮರೆಯುವುದು ಇನ್ನೊಂದು. ಕೇಬಲ್ ಬೀದಿಯಲ್ಲಿ ಹೋದರೆ ಸಾಲದು, ಕಟ್ಟಡದೊಳಗೆ ಹೋಗಬೇಕು. ಪ್ರತಿ ನಿವೇಶನದ ಗೋಡೆಯವರೆಗೆ ಎರಡೆರಡು ಅಡ್ಡ ಕೊಳವೆ ತಲುಪಿಸಿರಬೇಕು, ಖಾಲಿ ನಿವೇಶನಕ್ಕೂ. ಈಗ ಖಾಲಿ ಇರುವ ಜಾಗದಲ್ಲೇ ನಾಳೆ ಏಳು ಮಹಡಿ ಏಳುವುದು.

ಹಳ್ಳ ಮುಚ್ಚುವುದು ಯಾರೂ ಫೋಟೋ ತೆಗೆಯದ ಕೆಲಸ. ಮಣ್ಣನ್ನು 150ರಿಂದ 200 ಮಿ.ಮೀ. ಪದರ ಪದರವಾಗಿ ಹಾಕಿ, ಹದವಾಗಿ ನೀರು ಚಿಮುಕಿಸಿ, ಪ್ಲೇಟ್ ಕಾಂಪ್ಯಾಕ್ಟರ್‌ನಿಂದ ಬಡಿದು, ಮುಂದಿನ ಪದರಕ್ಕೆ ಹೋಗಬೇಕು. ಒಂದೂವರೆ ಮೀಟರ್ ಹಳ್ಳಕ್ಕೆ ಎಂಟು ಹತ್ತು ಪದರ. ನಡೆಯುವುದೇನು? ಅಗೆದ ಮಣ್ಣು, ಒಡೆದ ಕಾಂಕ್ರೀಟು, ಟೀ ಲೋಟ ಎಲ್ಲವನ್ನೂ ಒಂದೇ ಏಟಿಗೆ ಜೆಸಿಬಿ ತಳ್ಳಿ, ಮೇಲೆ ಟ್ಯಾಂಕರ್ ನೀರು ಬಿಟ್ಟು, ಬಕೆಟ್ಟಿನಿಂದ ನಾಲ್ಕು ಸಲ ಕುಟ್ಟಿ "ಸೆಟ್ ಆಯ್ತು" ಎನ್ನುವುದು. ಆ ಮಣ್ಣು ಬರೀ ಶೇ. 5ರಷ್ಟು ಕುಸಿದರೂ ಒಂದೂವರೆ ಮೀಟರಿಗೆ 75 ಮಿ.ಮೀ. ಅಂದರೆ ಮೂರು ಇಂಚು. ಕಲ್ಲುಹಾಸಿನಲ್ಲಿ ಉದ್ದಕ್ಕೆ ನಾಲೆಯಂತೆ ತಗ್ಗು ಕಂಡರೆ ಅದರ ಕೆಳಗೆ ಕೇಬಲ್ ಹಳ್ಳವಿದೆ ಎಂದೇ ತಿಳಿಯಬೇಕು. ಇಕ್ಕಟ್ಟಾದ, ಯಂತ್ರ ಇಳಿಯದ ಕಡೆಗಳಲ್ಲಿ ತೆಳು ಕಾಂಕ್ರೀಟನ್ನೇ ಸುರಿದು ತುಂಬುವುದು ದುಬಾರಿ ಅನಿಸಿದರೂ ಕೊನೆಗೆ ಅಗ್ಗ.

ಮಳೆನೀರಿನ ಲೆಕ್ಕ ಒಂದು ಮಾಡೋಣ. ಗೋಡೆಯಿಂದ ಗೋಡೆಗೆ ಹತ್ತು ಮೀಟರ್ ಅಗಲ, 750 ಮೀಟರ್ ಉದ್ದದ ಬೀದಿ. ಗಂಟೆಗೆ 50 ಮಿ.ಮೀ. ಜಡಿಮಳೆ. 7,500 ಚದರ ಮೀಟರ್ ಮೇಲೆ ಒಂದು ಗಂಟೆಯಲ್ಲಿ ಬೀಳುವುದು 3.75 ಲಕ್ಷ ಲೀಟರ್, ಅರವತ್ತಕ್ಕೂ ಹೆಚ್ಚು ಟ್ಯಾಂಕರ್ ನೀರು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಎರಡೂ ಬದಿಯಲ್ಲಿ 15 ಮೀಟರಿಗೊಂದು ಕಿಂಡಿ ಇದ್ದರೆ ಒಟ್ಟು ನೂರು ಕಿಂಡಿ. ಒಂದೊಂದಕ್ಕೂ ಸೆಕೆಂಡಿಗೆ ಒಂದು ಲೀಟರಿನ ಆಸುಪಾಸು. ಹದಿನೈದು ಲೀಟರ್ ಬಕೆಟ್ ತುಂಬಲು ಹದಿನೈದು ಸೆಕೆಂಡ್. ತಾರಸಿಗಳ ನೀರು, ಮೇಲಿನ ರಸ್ತೆಯಿಂದ ಇಳಿದು ಬರುವ ನೀರು ಸೇರಿ ಇದು ಮೂರು ನಾಲ್ಕು ಪಟ್ಟಾದರೂ ಸಾಧಾರಣ ಕಿಂಡಿ ನುಂಗಬಲ್ಲದು. ಹಾಗಾದರೆ ನೀರು ಯಾಕೆ ನಿಲ್ಲುತ್ತದೆ?

ಕಿಂಡಿ ಚಿಕ್ಕದಾಗಿದೆ ಎಂದಲ್ಲ, ನೀರು ಕಿಂಡಿಗೆ ಬರುವುದೇ ಇಲ್ಲ. ಜಾಲರಿಯ ಚೌಕಟ್ಟು ರಸ್ತೆಗಿಂತ ಹತ್ತು ಮಿ.ಮೀ. ಮೇಲಿದ್ದರೆ ಸಾಕು, ಅದರ ಸುತ್ತ ಕೆರೆ. ಚೌಕಟ್ಟು ಸುತ್ತಲಿನ ಹಾಸಿಗಿಂತ ಹತ್ತು ಹದಿನೈದು ಮಿ.ಮೀ. ತಗ್ಗಿನಲ್ಲಿರಬೇಕು, ಸುತ್ತ ಒಂದಡಿ ಅಗಲ ಬೋಗುಣಿಯಂತೆ ಇಳಿಜಾರಿರಬೇಕು. ಮೇಸ್ತ್ರಿ ದಾರ ಕಟ್ಟಿ ಕಲ್ಲು ಹಾಸುತ್ತ ಬಂದಾಗ ದಾರ ನೇರವಾಗಿ ಹೋಗುತ್ತದೆ, ಕಿಂಡಿ ಬಳಿ ಬಗ್ಗುವುದಿಲ್ಲ. ಕಿಂಡಿ ಇರುವೆಡೆ ದಾರಕ್ಕೆ ಒಂದು ಮೊಳೆ ಹೆಚ್ಚು ಹೊಡೆದು ತಗ್ಗಿಸುವುದನ್ನು ಎಂಜಿನಿಯರ್ ಎದುರಿಗೆ ನಿಂತು ಮಾಡಿಸಬೇಕು. ಫುಟ್‌ಪಾತಿಗೆ ಐವತ್ತಕ್ಕೆ ಒಂದರ ಇಳಿಜಾರು: ಎರಡು ಮೀಟರ್ ಅಗಲಕ್ಕೆ 40 ಮಿ.ಮೀ. ಕಣ್ಣಿಗೆ ಕಾಣುವುದಿಲ್ಲ, ನೀರಿಗೆ ಕಾಣುತ್ತದೆ. ಅದು ರಸ್ತೆ ಕಡೆಗೇ ಇರಬೇಕು. ಅಂಗಡಿ ಮೆಟ್ಟಿಲ ಕಡೆಗೆ ತಿರುಗಿದರೆ ನೆಲಮಾಳಿಗೆಯ ಅಂಗಡಿಯಾತ ಪ್ರತಿ ಮಳೆಗೂ ಮೋಟರ್ ಹಚ್ಚುತ್ತಾನೆ.

ಎರಡನೆಯದು ಎಲೆ. ಮಲಗಿದ ಜಾಲರಿಯ ಮೇಲೆ ಮಾರ್ಚ್ ಏಪ್ರಿಲ್‌ನ ಹೂವು, ಮಳೆಮರದ ಸಣ್ಣೆಲೆ, ಒಂದೇ ಒಂದು ಚಿಪ್ಸ್ ಕವರ್ ಬಿದ್ದರೆ ಬಾಯಿ ಬಂದ್. ನಡುಪೇಟೆಯಲ್ಲಿ ಅಂಚುಗಲ್ಲಿನ ಪಕ್ಕದಲ್ಲಿ ತೆರೆದ ಬಾಯಿ ಇರುವ ಕಿಂಡಿ ವಾಸಿ. ಕಸ ಒಳಗೆ ಹೋಗುತ್ತದೆ ನಿಜ, ಅದಕ್ಕೇ ಒಳಗೆ ಹೂಳುತೊಟ್ಟಿ ಬೇಕು: ಕೊಳವೆಯ ತಳಕ್ಕಿಂತ ತೊಟ್ಟಿಯ ತಳ 300 ಮಿ.ಮೀ. ಕೆಳಗೆ. ಮರಳು ಅಲ್ಲಿ ಕೂರುತ್ತದೆ, ಉದ್ದ ಹಿಡಿಯ ಸೌಟಿನಿಂದ ಎತ್ತಬಹುದು. ಮೇ ತಿಂಗಳಲ್ಲೊಮ್ಮೆ, ಆಗಸ್ಟ್ ಕೊನೆಗೊಮ್ಮೆ ಎತ್ತಲೇಬೇಕು. ಬೆಂಗಳೂರಿನಲ್ಲಿ ಸೆಪ್ಟೆಂಬರ್ ಮಳೆ ಜೂನ್ ಮಳೆಗಿಂತ ಜೋರು ಎಂಬುದು ಗುತ್ತಿಗೆಯ ವೇಳಾಪಟ್ಟಿ ಬರೆಯುವವರಿಗೆ ಯಾಕೋ ಮರೆತುಹೋಗುತ್ತದೆ. ತೊಟ್ಟಿಯ ಮುಚ್ಚಳ ಇಬ್ಬರು ಎತ್ತುವಷ್ಟು ಹಗುರವಿರಬೇಕು. ಅಂದಕ್ಕೆಂದು ಮುಚ್ಚಳದ ಮೇಲೂ 50 ಮಿ.ಮೀ. ಗ್ರಾನೈಟ್ ಅಂಟಿಸಿದ ಬೀದಿಗಳಿವೆ. ಆ ಮುಚ್ಚಳ ಎತ್ತಲು ಕ್ರೇನ್ ಬೇಕು, ಹಾಗಾಗಿ ಎತ್ತುವುದೇ ಇಲ್ಲ.

ಈಗ ಕಲ್ಲು.

ಕಲ್ಲುಹಾಸಿಗೆ ಎರಡು ಜಾತಿ. ಒಂದು, ಗಟ್ಟಿಯಾಗಿ ಬಡಿದ ಜಲ್ಲಿ ಪದರದ ಮೇಲೆ 30-40 ಮಿ.ಮೀ. ಮರಳು ಹರಡಿ, ಕಲ್ಲು ಕೂರಿಸಿ, ಸಂದಿಗೆ ಮರಳನ್ನೇ ತುಂಬುವುದು. ಇದು ಬಗ್ಗುವ ಹಾಸು. ಒಂದಿಷ್ಟು ಕುಸಿದರೂ ಒಡೆಯದು, ಕಿತ್ತು ಮತ್ತೆ ಕೂರಿಸಬಹುದು. ಇನ್ನೊಂದು, ಕಾಂಕ್ರೀಟ್ ಚಪ್ಪಡಿಯ ಮೇಲೆ ಗಾರೆ, ಗಾರೆಯ ಮೇಲೆ ಕಲ್ಲು, ಸಂದಿಗೆ ಬಲವಾದ ಸಿಮೆಂಟ್ ಗ್ರೌಟ್, ಅಂದರೆ ಸಂದಿ ತುಂಬುವ ತೆಳು ಗಾರೆ. ಇದು ಬಿಗಿ ಹಾಸು. ಎರಡೂ ನಿಲ್ಲುತ್ತವೆ. ನಿಲ್ಲದ್ದು ಬೆರಕೆ: ಕೆಳಗೆ ಮರಳು, ಮೇಲೆ ಸಂದಿಗೆ ಸಿಮೆಂಟು. ಕೆಳಗಿನದು ಅಲ್ಲಾಡುತ್ತದೆ, ಮೇಲಿನದು ಅಲ್ಲಾಡಲು ಒಪ್ಪದೆ ಬಿರಿಯುತ್ತದೆ. ಬಿರುಕಿನಲ್ಲಿ ನೀರು ಇಳಿದು ಮರಳನ್ನು ಕದ್ದು ಮೋರಿಗೆ ಒಯ್ಯುತ್ತದೆ. ನಮ್ಮಲ್ಲಿ ಹೆಚ್ಚು ಕಾಣುವುದು ಈ ಬೆರಕೆಯೇ. ಅದಕ್ಕೆ ಕಾರಣ ಡ್ರಾಯಿಂಗ್ ಅಲ್ಲ, ಹಾಸಿದ ಮರುದಿನ ಕಲ್ಲು ಅಲ್ಲಾಡುವುದನ್ನು ಕಂಡು ಯಾರೋ ಗಾಬರಿಯಾಗಿ ಸಿಮೆಂಟ್ ಹಾಲು ಸುರಿಸುವುದು.

ಚರ್ಚ್ ಸ್ಟ್ರೀಟಿನಲ್ಲಿ ಕಲ್ಲು ಸಡಿಲವಾಗಿ ಎದ್ದದ್ದನ್ನು ನಡೆದವರೆಲ್ಲ ನೋಡಿದ್ದಾರೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ 2021ರಲ್ಲಿ ಹೊಸದಾಗಿ ಹಾಸಿದ್ದನ್ನೇ ಕಿತ್ತು ಮತ್ತೆ ಹಾಸಬೇಕಾಯಿತು. ಕಲ್ಲು ಏಳುವ ಬಗೆಯನ್ನು ಹತ್ತಿರದಿಂದ ನೋಡಿದರೆ ಹೀಗಿರುತ್ತದೆ. ಎದ್ದ ಕಲ್ಲನ್ನು ತಿರುವಿ ಹಾಕಿ. ಬೆನ್ನು ಸ್ವಚ್ಛವಾಗಿದ್ದು ಗಾರೆಯ ಒಂದು ಚೂರೂ ಅಂಟಿರದಿದ್ದರೆ, ಕಲ್ಲಿಗೆ ಗಾರೆ ಹಿಡಿದೇ ಇಲ್ಲ. ಗರಗಸದಲ್ಲಿ ಕೊಯ್ದ ಕಲ್ಲಿನ ಬೆನ್ನ ಮೇಲೆ ನುಣ್ಣನೆ ಕಲ್ಲುಹಿಟ್ಟು ಕೂತಿರುತ್ತದೆ. ತೊಳೆಯದೆ ಕೂರಿಸಿದರೆ ಗಾರೆ ಹಿಟ್ಟಿಗೆ ಅಂಟುತ್ತದೆ, ಕಲ್ಲಿಗಲ್ಲ. ಹಿಟ್ಟು ಹಚ್ಚಿದ ಲಟ್ಟಣಿಗೆಗೆ ಕಣಕ ಅಂಟದ ಹಾಗೆ. ಕಲ್ಲನ್ನು ನೀರಿನಲ್ಲಿ ತೊಳೆದು, ಬೆನ್ನಿಗೆ ಸಿಮೆಂಟ್ ಗಂಜಿ ಬಳಿದು, ಹಸಿ ಇರುವಾಗಲೇ ಕೂರಿಸಬೇಕು. ದಿನಕ್ಕೆ ಇಷ್ಟು ಚದರ ಮೀಟರ್ ಎಂದು ಕೂಲಿ ಮಾತಾಡಿದ ತಂಡ ಕಲ್ಲು ತೊಳೆಯುತ್ತ ಕೂರುವುದಿಲ್ಲ. ತೊಳೆಯುವುದಕ್ಕೆ ಬೇರೆ ಆಳು, ಬೇರೆ ಕೂಲಿ ಇಟ್ಟರೆ ಮಾತ್ರ ಆಗುವ ಕೆಲಸ.

ಇನ್ನು ಗ್ರೌಟು. 100 ಮಿ.ಮೀ. ಘನದ ಕಲ್ಲು, 10 ಮಿ.ಮೀ. ಸಂದಿ ಎಂದರೆ ಚದರ ಮೀಟರಿಗೆ ಸುಮಾರು 83 ಕಲ್ಲು. ಸಂದಿಯನ್ನು ತಳದವರೆಗೆ ತುಂಬಿದರೆ ಚದರ ಮೀಟರಿಗೆ 17 ಲೀಟರ್ ಗ್ರೌಟ್ ಹಿಡಿಯುತ್ತದೆ. ಕೆಳಗಿನ ಗಾರೆ ಉಬ್ಬಿ ಮೇಲೇರುವುದನ್ನು ಕಳೆದರೂ 13 ಲೀಟರ್. ಪೊರಕೆಯಲ್ಲಿ ಗುಡಿಸಿ ಮೇಲಿನ 20 ಮಿ.ಮೀ. ಮಾತ್ರ ತುಂಬಿದರೆ ಖರ್ಚಾಗುವುದು ಮೂರೂವರೆ ಲೀಟರ್. ಕಣ್ಣಿಗೆ ಎರಡೂ ಒಂದೇ. ಹಾಗಾಗಿ ಬೀದಿಯನ್ನು ನೋಡಬೇಡಿ, ಗೋಡೌನಿನ ಸಿಮೆಂಟ್ ರಿಜಿಸ್ಟರ್ ನೋಡಿ. ಮುಗಿದ ಚದರ ಮೀಟರಿಗೂ ಖಾಲಿಯಾದ ಚೀಲಕ್ಕೂ ತಾಳೆ ಹಾಕಿದರೆ ಸಂದಿಯೊಳಗೆ ಇಣುಕಿದಷ್ಟೇ ಸ್ಪಷ್ಟ.

ಭಾರಕ್ಕಿಂತ ತಿರುವು ಕಲ್ಲಿಗೆ ಶತ್ರು. ನೇರ ಸಾಗುವ ಕಾರು ಕಲ್ಲನ್ನು ಕೆಳಗೆ ಒತ್ತುತ್ತದೆ, ಅಷ್ಟೆ. ರಾತ್ರಿ ಬರುವ ಕಸದ ಕಾಂಪ್ಯಾಕ್ಟರ್, ನೀರಿನ ಟ್ಯಾಂಕರ್ ನಿಂತಲ್ಲೇ ಚಕ್ರ ತಿರುಗಿಸಿದಾಗ ಕಲ್ಲನ್ನು ಹಲ್ಲು ಕೀಳುವಂತೆ ತಿರುಚುತ್ತದೆ. ಅದಕ್ಕೇ ಮೊದಲು ಏಳುವುದು ಮೂಲೆಗಳಲ್ಲಿ, ಬೇಸ್‌ಮೆಂಟ್ ಬಾಗಿಲುಗಳ ಎದುರು. ಆ ಜಾಗಗಳಿಗೆ ಕಾಂಕ್ರೀಟ್ ಚಪ್ಪಡಿಯನ್ನೇ ಹಾಕಿ ಮೇಲ್ಮೈ ಒರಟು ಮಾಡಿ ಬಿಡುವುದು ಜಾಣತನ. ವಿನ್ಯಾಸಕಾರರಿಗೆ ಬೇಸರವಾಗಬಹುದು. ಸಿಮೆಂಟ್ ಪೇವರ್ (ಅಚ್ಚಿನಲ್ಲಿ ಎರೆದ ಹಾಸುಬಿಲ್ಲೆ) ಬಳಸುವುದಾದರೆ ದಪ್ಪ ನಡೆಯುವ ಜಾಗಕ್ಕೆ 60 ಮಿ.ಮೀ., ಗಾಡಿ ಬರುವಲ್ಲಿ 80, ಭಾರದ ಗಾಡಿ ಇದ್ದರೆ 100. ಜೋಡಣೆ ಹೆಣಿಗೆಯಂತೆ ಅಡ್ಡ-ಉದ್ದ ಇರಲಿ. ಇಟ್ಟಿಗೆ ಗೋಡೆಯಂತೆ ಸಾಲುಸಾಲಾಗಿ ಜೋಡಿಸಿದರೆ ಬ್ರೇಕ್ ಹಾಕುವ ಕಡೆ ಸಾಲೇ ಜಾರುತ್ತದೆ.

ಎಲ್ಲವನ್ನೂ ಸರಿ ಮಾಡಿಯೂ ಕೆಡಿಸಬಲ್ಲದ್ದು ಒಂದೇ: ಉದ್ಘಾಟನೆಯ ದಿನಾಂಕ. ಗಾರೆ ಗ್ರೌಟು ಪೂರ್ತಿ ಬಲ ಪಡೆಯಲು 28 ದಿನ; ಕನಿಷ್ಠ ಏಳು ದಿನ ಗಾಡಿ ಬಿಡಕೂಡದು, ಒದ್ದೆ ಗೋಣಿ ಹೊದಿಸಿಡಬೇಕು. ಶುಕ್ರವಾರ ಹಾಸಿ ಸೋಮವಾರ ಗಾಡಿ ಬಿಟ್ಟ ಭಾಗ ಯಾವುದೆಂದು ಎರಡನೇ ವರ್ಷಕ್ಕೆ ಬೀದಿಯೇ ತೋರಿಸಿಕೊಡುತ್ತದೆ.

(ವೈಟ್ ಟಾಪಿಂಗ್, ಅಂದರೆ ಇದ್ದ ರಸ್ತೆಯ ಮೇಲೆ ಕಾಂಕ್ರೀಟ್ ಹೊದಿಕೆ, ಮಾಡಿದರೆ ಈ ತಲೆನೋವೇ ಇಲ್ಲ ಎನ್ನುವವರಿದ್ದಾರೆ. ಗಾಡಿ ಓಡುವ ದೊಡ್ಡ ರಸ್ತೆಗೆ ಅದು ಸರಿ. ಆದರೆ ಕೆಳಗಿನ ಹಳೇ ಪೈಪು ಬದಲಿಸದೆ ಮೇಲೆ ಆರೆಂಟು ಇಂಚು ಗಟ್ಟಿ ಕಾಂಕ್ರೀಟ್ ಸುರಿದರೆ, ಮುಂದಿನ ಸೋರಿಕೆಗೆ ಕೊಯ್ಯಬೇಕಾದ್ದು ಡಾಂಬರನ್ನಲ್ಲ, ಅದನ್ನು.)

ಫುಟ್‌ಪಾತಿನ ಮಾನದಂಡ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 103ನೇ ಸಂಹಿತೆಯಲ್ಲಿದೆ. ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್, ಅಂಗಡಿ ಬೀದಿಗೆ ಇನ್ನೂ ಹೆಚ್ಚು. ಅಂಚುಗಲ್ಲಿನ ಎತ್ತರ 150 ಮಿ.ಮೀ. ಮೀರಬಾರದು. ಈ 150ರ ಮಹಿಮೆ ಇಳಿಜಾರಿನಲ್ಲಿ ತಿಳಿಯುತ್ತದೆ. ಗಾಲಿಕುರ್ಚಿಗೆ ಹನ್ನೆರಡಕ್ಕೆ ಒಂದರ ರ‍್ಯಾಂಪ್ ಬೇಕು: 150 ಮಿ.ಮೀ. ಹತ್ತಲು 1.8 ಮೀಟರ್ ಉದ್ದ. ಮೋರಿ ಮೇಲೆ ಚಪ್ಪಡಿ ಮುಚ್ಚಿದ ನಮ್ಮ ಹಳೇ ಫುಟ್‌ಪಾತುಗಳ ಒಂದಡಿ ಎತ್ತರಕ್ಕೆ 3.6 ಮೀಟರ್, ಫುಟ್‌ಪಾತೇ ಅಷ್ಟು ಅಗಲವಿರುವುದಿಲ್ಲ. ಪ್ರತಿ ಗೇಟಿಗೂ ಫುಟ್‌ಪಾತನ್ನೇ ಇಳಿಸಿ ಹತ್ತಿಸಿದರೆ ನಡೆಯುವವರಿಗೆ ಒಂಟೆ ಸವಾರಿ. ಫುಟ್‌ಪಾತ್ ಒಂದೇ ಮಟ್ಟದಲ್ಲಿ ಸಾಗಬೇಕು, ಕಾರು ಹತ್ತಿ ಇಳಿಯಬೇಕು. ಆ ರ‍್ಯಾಂಪು ಕಂಬ, ಮರ, ಬೆಂಚುಗಳ ಪಟ್ಟಿಯಲ್ಲೇ ಮುಗಿಯಬೇಕು.

ಬೊಲ್ಲಾರ್ಡ್, ಅಂದರೆ ಗಾಡಿ ತಡೆಯಲು ಫುಟ್‌ಪಾತಿನಲ್ಲಿ ನೆಡುವ ಗಿಡ್ಡ ಕಂಬ, ಅದರ ಬಗ್ಗೆ ಒಂದು ನಿಜ ಒಪ್ಪಿಕೊಳ್ಳೋಣ. ಗಾಲಿಕುರ್ಚಿ ಹೋಗಲು 900 ಮಿ.ಮೀ. ಬೇಕು. ಸ್ಕೂಟರಿನ ಹ್ಯಾಂಡಲ್ ಅದಕ್ಕಿಂತ ಕಡಿಮೆ ಅಗಲ. ಅಂದಮೇಲೆ ಬೊಲ್ಲಾರ್ಡ್ ತಡೆಯುವುದು ಕಾರನ್ನು ಮಾತ್ರ. ಸ್ಕೂಟರ್ ತಡೆಯುತ್ತೇವೆಂದು ಹತ್ತಿರ ಹತ್ತಿರ ನೆಟ್ಟರೆ ಸಿಕ್ಕಿಬೀಳುವುದು ಗಾಲಿಕುರ್ಚಿ, ಮಗುವಿನ ಗಾಡಿ. ಫುಟ್‌ಪಾತ್ ಹತ್ತುವ ಸ್ಕೂಟರಿಗೆ ಮದ್ದು ಕಂಬವಲ್ಲ, ದಂಡ. ಇನ್ನು ದೃಷ್ಟಿಯಿಲ್ಲದವರಿಗೆ ಹಾಸಿದ ಉಬ್ಬು ಪಟ್ಟಿಯ ಹಳದಿ ಟೈಲು ನೇರ ಹೋಗಿ ಟ್ರಾನ್ಸ್‌ಫಾರ್ಮರ್ ಬೇಲಿಗೆ ಡಿಕ್ಕಿ ಹೊಡೆಯುವುದನ್ನು ಯಾವ ಬೀದಿಯಲ್ಲಾದರೂ ನೋಡಬಹುದು. ಟೈಲು ಹಾಸುವವನಿಗೆ ಬೆಸ್ಕಾಂ ಪೆಟ್ಟಿಗೆ ಎಲ್ಲಿ ಬರುತ್ತದೆಂದು ಯಾರೂ ಹೇಳಿರುವುದಿಲ್ಲ. ಪೆಟ್ಟಿಗೆಗಳ ಜಾಗ ಸುಣ್ಣದಲ್ಲಿ ಗುರುತಾದ ಮೇಲೆಯೇ ಟೈಲು.

ಮರದ ಬುಡಕ್ಕೆ ಕಾಂಕ್ರೀಟ್ ತಾಗಿಸಬಾರದು, ಸುತ್ತ ಒಂದು ಮೀಟರ್ ಮಣ್ಣು ಬಿಡಬೇಕು ಎಂಬುದು ಎಲ್ಲರಿಗೂ ಬಾಯಿಪಾಠ. ಅದಕ್ಕಿಂತ ಅಪಾಯದ್ದು ಒಂದೇ ಬದಿಯ ಬೇರು ಕಡಿಯುವುದು. ಮೋರಿಗೆಂದು ರಸ್ತೆ ಕಡೆಯ ಬೇರನ್ನು ಜೆಸಿಬಿ ಹರಿದರೆ ಮರ ಆಗ ಒಣಗುವುದಿಲ್ಲ, ಹಸಿರಾಗಿಯೇ ಇರುತ್ತದೆ. ಏಪ್ರಿಲ್ ಮೇ ತಿಂಗಳ ಗಾಳಿಮಳೆಗೆ ಕಾರಿನ ಮೇಲೆ ಮಲಗುತ್ತದೆ. ಮರದ ಹತ್ತಿರ ಬಂದಾಗ ಯಂತ್ರ ನಿಲ್ಲಿಸಿ ಕೈಯಲ್ಲೇ ತೋಡಿ, ದಪ್ಪ ಬೇರಿನ ಕೆಳಗೆ ಕೊಳವೆ ತೂರಿಸಬೇಕು.

ಅಂಗಡಿಯವರ ಕಷ್ಟ ಕಡಿಮೆ ಮಾಡುವುದಕ್ಕೆ ಗೊತ್ತಿರುವ ದಾರಿಗಳಿವೆ, ಬಳಸುವವರು ಕಡಿಮೆ. ಎರಡೂ ಬದಿ ಒಟ್ಟಿಗೆ ಅಗೆಯಬಾರದು. ನೂರು ಮೀಟರ್ ತುಂಡು ಮುಚ್ಚಿ ನಡೆಯುವಂತಾದ ಮೇಲೆ ಮುಂದಿನ ನೂರು. ಪ್ರತಿ ಬಾಗಿಲಿಗೂ ಹಳ್ಳದ ಮೇಲೆ 10-12 ಮಿ.ಮೀ. ಕಬ್ಬಿಣದ ತಗಡು, ಅಲ್ಲಾಡದಂತೆ ಕೋನಪಟ್ಟಿ ಬೆಸೆದದ್ದು, ಒಂದು ಬದಿಗೆ ಕೈಹಿಡಿ. ದಸರಾ ದೀಪಾವಳಿ, ಕ್ರಿಸ್ಮಸ್ ಹೊಸವರ್ಷದ ವಾರಗಳಲ್ಲಿ ಹೊಸ ಅಗೆತ ಇಲ್ಲ ಎಂದು ಗುತ್ತಿಗೆಯಲ್ಲೇ ಬರೆದಿರಬೇಕು. ಸರಕು ಇಳಿಸಲು ಜಾಗವನ್ನೂ ಹೊತ್ತನ್ನೂ ನಕ್ಷೆಯಲ್ಲೇ ಗುರುತಿಸಬೇಕು. ಇಲ್ಲದಿದ್ದರೆ ಲಾರಿ ಹೊಸ ಫುಟ್‌ಪಾತ್ ಹತ್ತುತ್ತದೆ, ಮೊದಲ ಟೈಲು ಒಡೆಯುವುದು ಅಲ್ಲೇ. ಬೀದಿ ವ್ಯಾಪಾರಿಗಳನ್ನು ಕೆಲಸದ ಹೆಸರಲ್ಲಿ ಎಬ್ಬಿಸಿ ಮರಳಿ ಕೂರಿಸದಿರುವುದು ಹಳೇ ಚಾಳಿ. 2014ರ ಕಾಯ್ದೆ ಪ್ರಕಾರ ಸಮೀಕ್ಷೆ, ಪಟ್ಟಣ ವ್ಯಾಪಾರ ಸಮಿತಿ ಇದೆ, ಅವರ ಜಾಗವೂ ನಕ್ಷೆಯಲ್ಲಿ ಬರಬೇಕು. ಗಾಡಿ ಬರುವುದು ನಿಂತರೆ ಗಿರಾಕಿ ಬರುವುದೂ ನಿಲ್ಲುತ್ತದೆ ಎಂಬ ಅಂಜಿಕೆಗೆ ಚರ್ಚ್ ಸ್ಟ್ರೀಟೇ ಒಂದು ಪರೀಕ್ಷೆ ನಡೆಸಿತು. 2020ರ ನವೆಂಬರಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನ ಸಂಚಾರ ನಿಲ್ಲಿಸಿ ಬರೀ ನಡೆಯುವವರಿಗೆ ಬಿಟ್ಟಿದ್ದರು. ಜನ ಬಂದರು.

ಕೆಲಸ ಮುಗಿದ ಮೇಲೆ ವ್ಯಾಪಾರಿಗಳ ಸಂಘ ಕೇಳಿ ಪಡೆಯಬೇಕಾದ ಕಾಗದ ಮೂರು. ಹೂತ ಹಾಗೆಯೇ ಬರೆದ ನಕ್ಷೆ, ಹೂಳಬೇಕೆಂದಿದ್ದ ನಕ್ಷೆಯಲ್ಲ. ದೋಷ ಹೊಣೆಗಾರಿಕೆ ಅವಧಿ, ಅಂದರೆ ಕೆಟ್ಟದ್ದನ್ನು ಗುತ್ತಿಗೆದಾರನೇ ಸರಿಮಾಡಿ ಕೊಡಬೇಕಾದ ಅವಧಿ, ಯಾವ ತಾರೀಖಿಗೆ ಮುಗಿಯುತ್ತದೆ ಎಂಬುದು. ಅದಕ್ಕೆ ಮೂರು ತಿಂಗಳು ಮುಂಚೆ ಬೀದಿಯುದ್ದಕ್ಕೂ ನಡೆದು ದೂರು ಬರೆದು ಕೊಡಬೇಕು, ಆಮೇಲಿನದು ಪಾಲಿಕೆಯ ತೇಪೆ. ಆ ನಡಿಗೆಗೆ ಒಂದು ಕಬ್ಬಿಣದ ಸರಳು ಸಾಕು. ಕಲ್ಲಿಗೆ ತಟ್ಟುತ್ತ ಹೋದರೆ ಕೂತ ಕಲ್ಲು ಠಣ್ ಎನ್ನುತ್ತದೆ, ಬೆನ್ನು ಬಿಟ್ಟದ್ದು ಡಬ್ ಎನ್ನುತ್ತದೆ. ಡಬ್ ಎಂದದ್ದಕ್ಕೆಲ್ಲ ಸುಣ್ಣದ ಗುರುತು ಹಾಕಿ ಫೋಟೋ ತೆಗೆದುಕೊಳ್ಳಿ.

ಮೂರನೆಯದು ಗೋಡೌನಿನ ರಸೀದಿ. ಶೇ. 3ರಷ್ಟು ಹೆಚ್ಚುವರಿ ಕಲ್ಲನ್ನು ಅದೇ ಕ್ವಾರಿಯ ಅದೇ ಲಾಟಿನಿಂದ ತೆಗೆದಿಡಬೇಕು. ಸಾವಿರ ಚದರ ಮೀಟರಿಗೆ ಲೆಕ್ಕ ಹಾಕಿದರೆ ಎರಡೂವರೆ ಸಾವಿರ ಕಲ್ಲು, ಆರೂವರೆ ಟನ್ನು, ಒಂದು ಲಾರಿ ಲೋಡು. ಈ ಲೋಡು ಇಲ್ಲದ ಬೀದಿಯಲ್ಲಿ ಮೊದಲ ಕಲ್ಲು ಎದ್ದಾಗ ಆ ಗುಂಡಿಗೆ ಒಂದು ಬಾಂಡ್ಲಿ ಡಾಂಬರು ಬೀಳುತ್ತದೆ. ಮಿಕ್ಕ ಕಲ್ಲು ಯಾವ ಗೋಡೌನಿನಲ್ಲಿದೆ, ಬೀಗದ ಕೈ ಯಾರ ಹತ್ತಿರ ಎಂದು ಉದ್ಘಾಟನೆಯ ದಿನವೇ ಕೇಳಿಟ್ಟುಕೊಳ್ಳಿ.